ಬರ ಬಂದಾಗ ಬೇರು ನೀರು ಹುಡುಕಿಕೊಂಡು ಹೋಗುತ್ತದೆಯೇ?

ಓದುಗರ ಪ್ರಶ್ನೆ: ಮರದ ಬೇರು ನೀರಿನ ವಾಸನೆ ಹಿಡಿದು ಎಷ್ಟು ಆಳಕ್ಕಾದರೂ ಇಳಿಯುತ್ತದೆ ಎಂದು ಕೇಳುತ್ತಲೇ ಬೆಳೆದವನು ನಾನು. ಹಾಗಿದ್ದರೆ ಬರದಲ್ಲಿ ಕಾಡಿನ ದೊಡ್ಡ ದೊಡ್ಡ ಮರಗಳೇ ಏಕೆ ಒಣಗುತ್ತವೆ? ಅಕ್ಕಪಕ್ಕದ ಎರಡು ಮರಗಳಲ್ಲಿ ಒಂದು ಹಸಿರಾಗಿಯೂ ಇನ್ನೊಂದು ಬೋಳಾಗಿಯೂ ನಿಲ್ಲುವುದು ಹೇಗೆ? ಮರುವರ್ಷ ಒಳ್ಳೆ ಮಳೆ ಬಂದ ಮೇಲೂ ಕೆಲವು ಸಾಯುತ್ತವಲ್ಲ, ಅದು ಯಾಕೆ?

ಉತ್ತರ: ಮೊದಲು ಆ ವಾಸನೆಯ ವಿಷಯ ಮುಗಿಸಿಬಿಡೋಣ. ಬೇರಿಗೆ ಮೂಗಿಲ್ಲ. ಹತ್ತು ಅಡಿ ಆಚೆ ನೀರಿದೆ ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ತನ್ನ ಮೈಗೆ ತಾಗಿದ ಮಣ್ಣು ಹಸಿಯೋ ಒಣಗಿದ್ದೋ ಅಂತ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ತುದಿಯ ಒಂದು ಬದಿಯಲ್ಲಿ ಪಸೆ ಇದ್ದು ಇನ್ನೊಂದು ಬದಿ ಒಣಗಿದ್ದರೆ ಬೇರು ಪಸೆಯ ಕಡೆಗೆ ಬಾಗುತ್ತದೆ. ಹೀಗೆ ಬಾಗಲು ಬೇಕಾದ ಒಂದು ಜೀನನ್ನು ಜಪಾನಿನ ವಿಜ್ಞಾನಿಗಳು 2007ರಲ್ಲಿ ಗುರುತಿಸಿದರು. ಅದಕ್ಕೆ ಮಿಜ್-1 ಎಂದು ಹೆಸರಿಟ್ಟರು. ಜಪಾನಿ ಭಾಷೆಯಲ್ಲಿ ಮಿಜು ಎಂದರೆ ನೀರು.

ಬಾಗುವುದಕ್ಕಿಂತ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಕವಲೊಡೆಯುವ ರೀತಿ. ಒಂದೇ ಬೇರಿನ ಒಂದು ಮಗ್ಗುಲು ಹಸಿ ಮಣ್ಣಿಗೆ, ಇನ್ನೊಂದು ಮಗ್ಗುಲು ಗಾಳಿಗೆ ತಾಗಿದ್ದರೆ ಹೊಸ ಕವಲುಗಳು ಹಸಿ ಮಗ್ಗುಲಿನಿಂದಲೇ ಹೊರಡುತ್ತವೆ. ಬೇರಿನ ತುದಿ ಮಣ್ಣಿನೊಳಗಿನ ಟೊಳ್ಳು ಜಾಗವೊಂದನ್ನು ದಾಟುವಾಗ ಆ ಉದ್ದಕ್ಕೂ ಕವಲೇ ಒಡೆಯುವುದಿಲ್ಲ. ಮತ್ತೆ ಹಸಿ ಮಣ್ಣು ಸಿಕ್ಕಿತೋ, ಕವಲು ಶುರು. ಇವೆಲ್ಲ ಹೆಚ್ಚಾಗಿ ಅರಬಿಡಾಪ್ಸಿಸ್ ಎಂಬ ಸಾಸಿವೆ ಬಳಗದ ಪುಟ್ಟ ಗಿಡದಲ್ಲಿ, ಮೆಕ್ಕೆಜೋಳ, ಬಾರ್ಲಿಯಂಥ ಪೈರುಗಳಲ್ಲಿ ಕಂಡದ್ದು. ನೂರಡಿ ಮರವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಆಗುವುದಿಲ್ಲ ನೋಡಿ. ಆದರೆ ಮರದ ಬೇರು ತೊಳೆದು ಹರಡಿ ನೋಡಿದವರಿಗೆ ಇದೇ ಚಿತ್ರ ಕಾಣುತ್ತದೆ. ಬರಡು ಮಣ್ಣಿನಲ್ಲಿ ಹಗ್ಗದಂತೆ ನೇರವಾಗಿ ಹೋದ ಬೇರು, ಪಸೆ ಇದ್ದಲ್ಲಿ ಪೊರಕೆಯಂತೆ ಬಿಚ್ಚಿಕೊಂಡಿರುತ್ತದೆ.

ಸೋರುವ ಪೈಪಿಗೆ ಬೇರು ನುಗ್ಗುವುದನ್ನು ನೋಡಿ ಜನ "ವಾಸನೆ ಹಿಡಿಯಿತು" ಅನ್ನುತ್ತಾರೆ. ಅಲ್ಲಿ ನಡೆಯುವುದು ಇಷ್ಟೇ: ಬೇರುಗಳು ಎಲ್ಲ ದಿಕ್ಕಿಗೂ ಹೋಗುತ್ತಿರುತ್ತವೆ. ಅವುಗಳಲ್ಲಿ ಒಂದು ಸುಮ್ನೆ ಆ ಪೈಪಿನ ಹತ್ತಿರ ಬರುತ್ತದೆ, ಸುತ್ತಲಿನ ತೇವ ತಾಗುತ್ತದೆ, ಅಲ್ಲೇ ಬೀಡುಬಿಡುತ್ತದೆ. ಒಣ ಮಣ್ಣಿಗೆ ಹೋಗಿ ಸೋತು ಸತ್ತ ನೂರು ಬೇರುಗಳನ್ನು ನಾವು ಅಗೆದು ನೋಡುವುದಿಲ್ಲ, ಅಲ್ವಾ?

ಹಾಗಾಗಿ "ಹುಡುಕುವುದು" ಎನ್ನುವ ಮಾತನ್ನು ಬಿಡೋಣ. ಮರ ಬೇರಿನ ಮೇಲೆ ಬಂಡವಾಳ ಹಾಕುತ್ತದೆ ಎಂದು ನೋಡಿದರೆ ನಿಮ್ಮ ಪ್ರಶ್ನೆಗಳೆಲ್ಲ ಸುಲಭವಾಗುತ್ತವೆ. ಎಲೆ ಮಾಡಿದ ಸಕ್ಕರೆಯಿಂದಲೇ ಬೇರು ಬೆಳೆಯಬೇಕು. ಬೆಳೆದ ಮೇಲೂ ಅದು ಉಸಿರಾಡುತ್ತದೆ, ಅದಕ್ಕೂ ಸಕ್ಕರೆ ಬೇಕು. ತಂದುಕೊಡುವ ನೀರಿಗಿಂತ ಸಾಕುವ ಖರ್ಚು ಜಾಸ್ತಿಯಾದ ಬೇರನ್ನು ಮರ ಇಟ್ಟುಕೊಳ್ಳುವುದಿಲ್ಲ.

ಈ ಬಂಡವಾಳ ಎಲ್ಲಿದೆ? ಬಹುಪಾಲು ಮೇಲೆಯೇ. ಜಗತ್ತಿನ ಬೇರೆಬೇರೆ ಕಾಡುಗಳ ಅಳತೆಗಳನ್ನು ಒಟ್ಟುಹಾಕಿ 1996ರಲ್ಲಿ ಲೆಕ್ಕ ಮಾಡಿದಾಗ, ಮರಗಳ ಬೇರಿನ ತೂಕದಲ್ಲಿ ಸುಮಾರು ಕಾಲು ಭಾಗ ಮೇಲಿನ 10 ಸೆಂಟಿಮೀಟರಿನಲ್ಲೇ ಇತ್ತು. ಸುಮಾರು 60 ಪ್ರತಿಶತ ಮೇಲಿನ 30 ಸೆಂಟಿಮೀಟರಿನೊಳಗೆ. ಅಂದರೆ ಒಂದು ಅಡಿಯ ಒಳಗೇ ಅರ್ಧಕ್ಕಿಂತ ಹೆಚ್ಚು. ಗೊಬ್ಬರದ ಅಂಶ ಇರುವುದು ಅಲ್ಲಿ, ಗಾಳಿ ಆಡುವುದು ಅಲ್ಲಿ, ಸಣ್ಣ ಮಳೆ ಬಂದರೂ ನೆನೆಯುವುದು ಅಲ್ಲಿ. ನಿಜವಾಗಿ ನೀರು ಹೀರುವುದೂ ನಾವು ಮೊದಲು ನೋಡುವ ದಪ್ಪ ಬೇರುಗಳಲ್ಲ. ಅವು ಕೊಳವೆ ಮತ್ತು ಆಸರೆ. ಹೀರುವ ಕೆಲಸ 2 ಮಿಲಿಮೀಟರಿಗಿಂತ ಸಪೂರವಾದ ಎಳೆಬೇರುಗಳದ್ದು, ಅವುಗಳಲ್ಲೂ ಬಹುಪಾಲು ತುದಿಯ ಬಿಳಿ ಭಾಗದ್ದು. ಮೇಲ್ಮಣ್ಣು ಮೊದಲು ಒಣಗುತ್ತದೆ. ಮರದ ಸಣ್ಣ ಬಾಯಿಗಳೆಲ್ಲ ಇರುವುದೂ ಅಲ್ಲೇ. ಬರದ ಇಡೀ ಕಥೆ ಇಲ್ಲಿಂದಲೇ ಶುರುವಾಗುತ್ತದೆ.

ಹಾಗಂತ ಆಳದ ಬೇರು ಸುಳ್ಳೇನಲ್ಲ. ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಕೊಳವೆಬಾವಿ ಕೊರೆಯುವಾಗ ಬೋಸಿಯಾ ಆಲ್ಬಿಟ್ರಂಕಾ ಎಂಬ ಮರದ ಬೇರು 68 ಮೀಟರ್ ಆಳದಲ್ಲಿ ಸಿಕ್ಕಿತ್ತು. ಅಮೆರಿಕದ ಅರಿಜೋನಾದಲ್ಲಿ ತೆರೆದ ಗಣಿಯೊಂದರ ಗೋಡೆಯಲ್ಲಿ, ನೆಲದಿಂದ 53 ಮೀಟರ್ ಕೆಳಗೆ, ಮೆಸ್ಕೀಟ್ ಮರದ ಬೇರು ಕಂಡಿತ್ತು. ಇವು ದಾಖಲೆಗಳು, ವಾಡಿಕೆಯಲ್ಲ. ಜಗತ್ತಿನ ಹಲವು ಕಡೆಯ ಮರಗಳ ಗರಿಷ್ಠ ಆಳಗಳ ಸರಾಸರಿ ತೆಗೆದರೆ 7 ಮೀಟರ್ ಬರುತ್ತದೆ. ತಾಯಿಬೇರು ಮರ ಎಷ್ಟು ಎತ್ತರವೋ ಅಷ್ಟೇ ಆಳಕ್ಕೆ ಹೋಗುತ್ತದೆ ಎನ್ನುವುದೂ ಬಹುತೇಕ ಮರಗಳಿಗೆ ಹೊಂದದ ಮಾತು. ವಯಸ್ಸಾದಂತೆ ಹಲವು ಜಾತಿಗಳಲ್ಲಿ ತಾಯಿಬೇರೇ ಹಿಂದೆ ಬೀಳುತ್ತದೆ. ಅಡ್ಡ ಹರಡಿದ ಬೇರುಗಳಿಂದ ಅಲ್ಲಲ್ಲಿ ಗೂಟದಂಥ ಬೇರುಗಳು ಕೆಳಗಿಳಿಯುತ್ತವೆ.

ಆದರೆ ತೂಕ ಕಡಿಮೆ ಎಂದ ಮಾತ್ರಕ್ಕೆ ಆಳದ ಬೇರಿನ ಬೆಲೆ ಕಡಿಮೆಯಲ್ಲ. ಬ್ರೆಜಿಲಿನ ಪೂರ್ವ ಅಮೆಜಾನಿನಲ್ಲಿ ತಿಂಗಳುಗಟ್ಟಲೆ ಮಳೆ ಸರಿಯಾಗಿ ಬೀಳದ ಕಾಡುಗಳಿವೆ. ಆದರೂ ಎಲೆ ಹಸಿರಾಗಿಯೇ ಇರುತ್ತದೆ. ಹೇಗೆ ಎಂದು ಪರಗೋಮಿನಾಸ್ ಬಳಿ ಆಳದ ಗುಂಡಿ ತೋಡಿ ನೋಡಿದಾಗ 8 ಮೀಟರಿಗಿಂತ ಕೆಳಗೂ ಬೇರುಗಳು ಸಿಕ್ಕವು. 1994ರಲ್ಲಿ ಬಂದ ಆ ವರದಿ ನಮ್ಮ ಕ್ಷೇತ್ರದಲ್ಲಿ ಹಲವರ ಅಂದಾಜನ್ನು ಬುಡಮೇಲು ಮಾಡಿತು. ಅಲ್ಲಿಯವರೆಗೆ ಮಳೆಕಾಡಿನ ಬೇರು ಮೇಲುಮೇಲಿನದು ಎಂದೇ ನಂಬಿಕೆ ಇತ್ತು. ಬೆರಳೆಣಿಕೆಯ ಬೇರುಗಳು ಬೇಸಿಗೆಯಿಡೀ ಕಾಡನ್ನು ಹಸಿರಾಗಿ ಇಟ್ಟಿದ್ದವು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಆ ಆಳದ ಬೇರು ಬೆಳೆದದ್ದು ಯಾವಾಗ? ಬರ ಬಂದಾಗ ಅಲ್ಲ. ಬೇರಿನ ತುದಿ ಮುಂದೆ ಸಾಗಬೇಕಾದರೆ ಅದರ ಕೋಶಗಳು ನೀರು ತುಂಬಿ ಬಿಗಿಯಾಗಿರಬೇಕು, ಆ ಒತ್ತಡದಲ್ಲೇ ಅದು ಮಣ್ಣನ್ನು ಸೀಳುತ್ತದೆ. ಮಣ್ಣು ಒಣಗಿದಂತೆ ಗಟ್ಟಿಯಾಗುತ್ತಾ ಹೋಗುತ್ತದೆ, ಕೋಶದ ಬಿಗಿಯೂ ಇಳಿಯುತ್ತದೆ. ಇತ್ತ ಎಲೆಗಳು ನೀರು ಉಳಿಸಲು ರಂಧ್ರ ಮುಚ್ಚಿಕೊಂಡಿರುವುದರಿಂದ ಸಕ್ಕರೆಯೂ ಕಡಿಮೆ. ಗಟ್ಟಿ ನೆಲ, ಸೋತ ಉಳಿ, ಖಾಲಿ ಜೇಬು. ಇಂಥ ಹೊತ್ತಿನಲ್ಲಿ ಯಾರೂ ಬಾವಿ ತೋಡಲಾರರು. ಬಾವಿ ಒಳ್ಳೆಯ ವರ್ಷಗಳಲ್ಲೇ ತೋಡಿರಬೇಕು.

ಉತ್ತರ ಅಮೆರಿಕದ ನದಿದಂಡೆಗಳಲ್ಲಿ ಬೆಳೆಯುವ ಕಾಟನ್‌ವುಡ್ ಮರದ ಸಸಿಗಳನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನೆರೆ ಇಳಿದ ಮರಳಿನಲ್ಲಿ ಬೀಜ ಮೊಳೆಯುತ್ತದೆ. ಆಮೇಲೆ ನದಿ ಇಳಿದಂತೆ ಮರಳಿನೊಳಗಿನ ನೀರಿನ ಮಟ್ಟವೂ ಇಳಿಯುತ್ತದೆ. ಸಸಿಯ ಬೇರು ಆ ಮಟ್ಟದ ಬೆನ್ನು ಹತ್ತಬೇಕು. ದಿನಕ್ಕೆ ಸುಮಾರು 2.5 ಸೆಂಟಿಮೀಟರಿನ ಒಳಗೆ ಇಳಿದರೆ ಸಸಿ ಬದುಕಿಕೊಳ್ಳುತ್ತದೆ. ಅದಕ್ಕಿಂತ ಬೇಗ ಇಳಿದರೆ ಬೇರು ಹಿಂದೆ ಉಳಿಯುತ್ತದೆ, ಸಸಿ ಸಾಯುತ್ತದೆ. ಅಣೆಕಟ್ಟುಗಳು ನೀರನ್ನು ಒಮ್ಮೆಲೇ ನಿಲ್ಲಿಸುವ ನದಿಗಳಲ್ಲಿ ಹೊಸ ಕಾಟನ್‌ವುಡ್ ಹುಟ್ಟದೇ ಇರುವುದಕ್ಕೆ ಇದೂ ಒಂದು ಕಾರಣ. ಈಗ ಕೆಲವು ಕಡೆ ನೀರು ಬಿಡುವವರು ಈ ಲೆಕ್ಕ ಇಟ್ಟುಕೊಂಡೇ ನಿಧಾನವಾಗಿ ಇಳಿಸುತ್ತಾರೆ. ಗಮನಿಸಿ, ಇಲ್ಲಿಯೂ ಬೇರು ಒಣ ಮರಳಿನಲ್ಲಿ ಇಳಿಯುತ್ತಿಲ್ಲ. ಪಸೆಯ ಅಂಚಿನಲ್ಲೇ ಇಳಿಯುತ್ತಿದೆ.

ಒಣಕಾಡಿನ ಸಸಿಗಳು ಇದನ್ನೇ ಬೇರೆ ರೀತಿ ಮಾಡುತ್ತವೆ. ಓಕ್ ಸಸಿ ಎರಡು ಎಲೆ ಬಿಚ್ಚುವ ಮೊದಲೇ ಉದ್ದನೆಯ ಬೇರು ಇಳಿಸಿರುತ್ತದೆ. ಸಾಲ್ ಮರದ ಸಸಿ ವರ್ಷಗಟ್ಟಲೆ ಬೇಸಿಗೆಯಲ್ಲಿ ಮೇಲೆ ಸತ್ತು, ಮಳೆಗೆ ಮತ್ತೆ ಚಿಗುರುತ್ತಾ ಇರುತ್ತದೆ. ಮೇಲೆ ನೋಡಿದವರಿಗೆ ಅದು ಮೊಳಕಾಲುದ್ದದ ಬಡಪಾಯಿ ಸಸಿ. ಕೆಳಗೆ ಬೇರು ಪ್ರತಿ ಮಳೆಗಾಲವೂ ದಪ್ಪವಾಗುತ್ತಾ ಹೋಗಿರುತ್ತದೆ. ನೀಲಗಿರಿ ಇನ್ನೊಂದು ತುದಿ: ಬ್ರೆಜಿಲಿನ ಆಳ ಮಣ್ಣಿನ ನೆಡುತೋಪುಗಳಲ್ಲಿ ಅದರ ಬೇರು ಮರದ ಎತ್ತರದ ಸುಮಾರು 85 ಪ್ರತಿಶತದಷ್ಟು ಆಳಕ್ಕೆ, ಹೆಚ್ಚುಕಡಿಮೆ ಅದೇ ವೇಗದಲ್ಲಿ ಇಳಿದದ್ದನ್ನು ಅಳೆದಿದ್ದಾರೆ. ಎತ್ತರದಷ್ಟೇ ಆಳ ಎಂಬ ಮಾತು ಹೊಂದುವ ಅಪರೂಪದ ಮರ ಅದು.

ಹಾಗಾದರೆ ಬರದಲ್ಲಿ ಬೇರು ಏನೂ ಮಾಡುವುದಿಲ್ಲವೇ? ತುಂಬಾ ಮಾಡುತ್ತದೆ. ಆದರೆ ಹೆಚ್ಚಿನದೆಲ್ಲ ಹಿಂದೆ ಸರಿಯುವ ಕೆಲಸ.

ಒಣಗು ಇನ್ನೂ ಹಗುರವಾಗಿರುವಾಗ ಒಂದಿಷ್ಟು ಹೊಂದಾಣಿಕೆ ನಡೆಯುತ್ತದೆ. ಎಲೆ, ಕೊಂಬೆಗೆ ಹೋಗುವ ಸಕ್ಕರೆಯ ಪಾಲು ಕಡಿಮೆಯಾಗಿ ಬೇರಿನ ಪಾಲು ಹೆಚ್ಚುತ್ತದೆ. ಮೇಲ್ಪದರದಲ್ಲಿ ಹೊಸ ಬೇರು ನಿಂತು, ಇನ್ನೂ ಪಸೆ ಇರುವ ಕೆಳಪದರದಲ್ಲಿ ಮುಂದುವರಿಯುತ್ತದೆ. ಬೇರುಗಳು "ಆಳಕ್ಕೆ ಹೋಗುವುದು" ಅಂದರೆ ಇದೇ. ಕೋಶಗಳು ಸಕ್ಕರೆ, ಪೊಟ್ಯಾಸಿಯಂ, ಪ್ರೋಲೀನ್‌ನಂಥ ಪದಾರ್ಥಗಳನ್ನು ತುಂಬಿಕೊಂಡು ಒಳಗಿನ ದ್ರವವನ್ನು ಗಾಢ ಮಾಡಿಕೊಳ್ಳುತ್ತವೆ, ಹಾಗಾಗಿ ಬಿಗಿ ಪೂರ್ತಿ ಇಳಿಯುವುದಿಲ್ಲ. ಕೋಶದ ಪೊರೆಯಲ್ಲಿ ನೀರು ಹಾಯುವ ಬಾಗಿಲುಗಳಿವೆ, ಅಕ್ವಾಪೋರಿನ್ ಎಂಬ ಪ್ರೋಟೀನುಗಳು. ಇವನ್ನು ಕಂಡುಹಿಡಿದದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಬೇರು ಈ ಬಾಗಿಲುಗಳನ್ನು ಗಂಟೆಗಳ ಲೆಕ್ಕದಲ್ಲಿ ತೆರೆದು ಮುಚ್ಚಿ ಮಾಡಬಲ್ಲದು. ಹೊಸ ಬೇರು ಬೆಳೆಸಲು ವಾರಗಳು ಬೇಕು. ಇದು ಅದಕ್ಕಿಂತ ಬಹಳ ಬೇಗದ ಉಪಾಯ.

ಒಣಗು ಮುಂದುವರಿದರೆ ಆಟದ ನಿಯಮವೇ ಬದಲಾಗುತ್ತದೆ. ಈಗ ಅಪಾಯ ನೀರು ಸಿಗದಿರುವುದು ಮಾತ್ರವಲ್ಲ, ಇರುವ ನೀರು ಬೇರಿನಿಂದ ಮಣ್ಣಿಗೆ ವಾಪಸ್ ಹೋಗುವುದು. ನೀರು ಯಾವಾಗಲೂ ಹೆಚ್ಚು ಒಣಗಿದ ಕಡೆಗೆ ಹರಿಯುತ್ತದೆ. ಮರಕ್ಕಿಂತ ಮಣ್ಣು ಹೆಚ್ಚು ಒಣಗಿದರೆ ಮಣ್ಣೇ ಮರವನ್ನು ಹೀರುತ್ತದೆ. ಆಗ ಬೇರು ಸಂಬಂಧ ಕಡಿದುಕೊಳ್ಳುತ್ತದೆ. ಎಳೆಬೇರು ಕುಗ್ಗಿ ಮಣ್ಣಿನಿಂದ ಬಿಡಿಸಿಕೊಳ್ಳುತ್ತದೆ, ನಡುವೆ ಕೂದಲೆಳೆಯ ಅಂತರ ಬೀಳುತ್ತದೆ. ಹೊರಪದರದಲ್ಲಿ ಸುಬೆರಿನ್ ಎಂಬ ಮೇಣದಂಥ ಪದಾರ್ಥ ಕೂರುತ್ತದೆ. ಬಾಟಲಿಯ ಬಿರಡೆಗೆ ಬಳಸುವ ಕಾರ್ಕ್ ನೀರು ಬಿಡದಿರುವುದು ಇದೇ ಸುಬೆರಿನ್‌ನಿಂದ. ಬಿಳಿ ಬೇರು ಕಂದು ಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ಸಪೂರ ಬೇರುಗಳನ್ನು ಉದುರಲು ಬಿಡುತ್ತದೆ, ಮೇಲೆ ಎಲೆ ಉದುರಿಸುವ ಹಾಗೆ. ಎಲೆ ಉದುರಿದ್ದು ಎಲ್ಲರಿಗೂ ಕಾಣುತ್ತದೆ. ಬೇರು ಉದುರಿದ್ದು ಮಣ್ಣಲ್ಲಿ ಪಾರದರ್ಶಕ ಕೊಳವೆ ಹೂತು ಕ್ಯಾಮೆರಾ ಇಳಿಸಿದವರಿಗೆ ಮಾತ್ರ ಕಾಣುತ್ತದೆ.

ಎಲ್ಲ ಜಾತಿಗಳೂ ಒಂದೇ ದಾರಿ ಹಿಡಿಯುವುದಿಲ್ಲ. ಜರ್ಮನಿಯ ಕ್ರಾಂಜ್‌ಬರ್ಗ್ ಕಾಡಿನಲ್ಲಿ 2014ರಿಂದ 2018ರವರೆಗೆ ಐದು ಬೇಸಿಗೆ, ದೊಡ್ಡ ಸ್ಪ್ರೂಸ್ ಮತ್ತು ಬೀಚ್ ಮರಗಳ ಕೆಳಗೆ ಚಾವಣಿ ಹಾಕಿ ಮಳೆ ತಡೆದರು. ಸ್ಪ್ರೂಸ್ ಬೇರಿಗೆ ಸುಬೆರಿನ್ ಹೊದೆಸಿ ಬಾಗಿಲು ಹಾಕಿ ಕೂತಿತು. ಬೀಚ್ ಅಲ್ಪಾಯುಷಿ ಸಣ್ಣ ಬೇರುಗಳನ್ನು ಬಿಡುತ್ತಾ, ಕಳೆದುಕೊಳ್ಳುತ್ತಾ ಮುಂದುವರಿಯಿತು. ಒಂದು ಜಿಪುಣ, ಇನ್ನೊಂದು ಜೂಜುಕೋರ. ಯಾವುದು ಸರಿ ಎಂಬುದು ಬರ ಎಷ್ಟು ದಿನ ನಿಲ್ಲುತ್ತದೆ ಎಂಬುದರ ಮೇಲೆ ನಿಂತಿದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು, ಏಕೆಂದರೆ ಪಠ್ಯಪುಸ್ತಕಗಳೂ ಇದರಲ್ಲಿ ಎಡವುತ್ತವೆ. "ನೀರು ಕಡಿಮೆಯಾದರೆ ಬೇರು ಜಾಸ್ತಿಯಾಗುತ್ತದೆ" ಎನ್ನುತ್ತಾರೆ. ಜಾಸ್ತಿಯಾಗುವುದು ಅನುಪಾತ. ಎಲೆ, ಕಾಂಡಕ್ಕೆ ಹೋಲಿಸಿದರೆ ಬೇರಿನ ಪಾಲು ದೊಡ್ಡದಾಗುತ್ತದೆ. ಒಟ್ಟು ಬೇರು ಕಡಿಮೆಯೇ ಆಗಬಹುದು. ಸ್ವಿಟ್ಜರ್ಲೆಂಡಿನ ಫಿನ್ ಕಾಡಿನಲ್ಲಿ ಇದನ್ನು ತಿರುಗಿಸಿ ನೋಡಿದರು. ಆಲ್ಪ್ಸ್ ನಡುವಿನ ಆ ಒಣ ಕಣಿವೆಯಲ್ಲಿ ಸ್ಕಾಟ್ಸ್ ಪೈನ್ ಮರಗಳು ಸಾಯುತ್ತಿದ್ದವು. 2003ರಿಂದ ಕಾಡಿನ ಕೆಲವು ತುಂಡುಗಳಿಗೆ ಬೇಸಿಗೆಯಲ್ಲಿ ನೀರು ಹಾಯಿಸಲು ಶುರುಮಾಡಿದರು. ನೀರು ಸಿಕ್ಕ ಮೇಲೆ ಬೇರು ಕಡಿಮೆ ಸಾಕು ಎಂದು ಮರ ಸುಮ್ಮನಾಗಬೇಕಿತ್ತು, ಅಲ್ವಾ? ಆಗಲಿಲ್ಲ. ಬೆಳೆಯುವ ಋತುವಿನಲ್ಲಿ ಎಳೆಬೇರುಗಳು ಹೆಚ್ಚಾದವು. ಜೊತೆಗೆ ಅವು ಸ್ವಲ್ಪ ಸಡಿಲ ಕಟ್ಟಿನ, ಅಂದರೆ ಅಗ್ಗದ ಬೇರುಗಳಾದವು. ಕೈಯಲ್ಲಿ ಸಕ್ಕರೆ ಬಂತು, ಖರ್ಚು ಮಾಡಿತು.

ಬೇರು ನೀರನ್ನು ಮೇಲೆ ತರುವುದಷ್ಟೇ ಅಲ್ಲ, ಮಣ್ಣಿನ ಒಂದು ಪದರದಿಂದ ಇನ್ನೊಂದಕ್ಕೆ ಸಾಗಿಸುವುದೂ ಉಂಟು. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ಹಗಲು ಎಲೆಗಳು ಎಳೆಯುತ್ತಿರುತ್ತವೆ, ನೀರು ನೇರ ಮೇಲೆ ಹೋಗುತ್ತದೆ. ರಾತ್ರಿ ಎಲೆಯ ರಂಧ್ರಗಳು ಮುಚ್ಚುತ್ತವೆ. ಆಗಲೂ ಆಳದ ಬೇರು ಹಸಿಯಲ್ಲಿದೆ, ಮೇಲಿನ ಬೇರು ಒಣ ಮಣ್ಣಿನಲ್ಲಿದೆ. ನೀರು ಆಳದಿಂದ ಬೇರಿನೊಳಗೇ ಏರಿ, ಮೇಲಿನ ಎಳೆಬೇರುಗಳಿಂದ ಒಣ ಮಣ್ಣಿಗೆ ಜಿನುಗುತ್ತದೆ. ಬೆಳಗಾದ ಮೇಲೆ ಅದನ್ನೇ ಮತ್ತೆ ಹೀರಿಕೊಳ್ಳುತ್ತದೆ. 1987ರಲ್ಲಿ ಸೇಜ್‌ಬ್ರಷ್ ಪೊದೆಗಳಲ್ಲಿ ಇದನ್ನು ತೋರಿಸಿದರು. 1993ರಲ್ಲಿ ಶುಗರ್ ಮೇಪಲ್ ಮರಗಳಲ್ಲಿ, ಅಂತರ್ಜಲದಲ್ಲಿರುವ ಭಾರಜಲಜನಕದ (ಹೆಚ್ಚು ತೂಕದ ಜಲಜನಕ) ಗುರುತು ಹಿಡಿದು, ಮರದ ಹತ್ತಿರ ಇರುವ ಸಣ್ಣ ಗಿಡಗಳೂ ಆ ನೀರನ್ನೇ ಕುಡಿಯುತ್ತಿವೆ ಎಂದು ಪತ್ತೆಮಾಡಿದರು. ಮಳೆಗಾಲದಲ್ಲಿ ಇದೇ ಹರಿವು ತಲೆಕೆಳಗಾಗುತ್ತದೆ. ಮೇಲಿನ ಮಣ್ಣು ತೊಯ್ದು, ಕೆಳಗೆ ಒಣಗಿದ್ದರೆ ಬೇರು ನೀರನ್ನು ಕೆಳಕ್ಕೆ ಇಳಿಸುತ್ತದೆ. ಅಮೆಜಾನಿನಲ್ಲಿ ಇದನ್ನು ಅಳೆದಿದ್ದಾರೆ. ಗಡುಸು ಮಣ್ಣನ್ನು ತೊಯ್ಯಿಸಿ ಮೆದು ಮಾಡಲು, ಎಳೆಬೇರು ಪೂರ್ತಿ ಒಣಗದಂತೆ ನೋಡಿಕೊಳ್ಳಲು ಇದು ನೆರವಾಗುತ್ತದೆ. ಹಾಗಂತ ಮರ ಪಕ್ಕದವರಿಗೆ ದಾನ ಮಾಡುತ್ತದೆ ಎಂದು ಓದಬೇಡಿ. ಸೋರುವ ಕೊಡದಿಂದ ಬಿದ್ದದ್ದನ್ನು ಪಕ್ಕದವರು ಕುಡಿಯುತ್ತಾರೆ, ಅಷ್ಟೇ.

ಬೇರಿನ ಶಿಲೀಂಧ್ರಗಳ ಬಗ್ಗೆಯೂ ಹೀಗೆಯೇ ಹದ ಬೇಕು. ಮೈಕೊರೈಜಾ ಎಂಬ ಈ ಜೊತೆಗಾರ ಶಿಲೀಂಧ್ರದ ಎಳೆಗಳು ಬೇರುಗಳಿಗಿಂತ ಎಷ್ಟೋ ಸಪೂರ. ಬೇರು ನುಗ್ಗಲಾರದ ಸಂದುಗಳ ನೀರು, ರಂಜಕ ಅವುಗಳಿಗೆ ಸಿಗುತ್ತದೆ. ಬೇರು ಕುಗ್ಗಿ ಮಣ್ಣು ಬಿಟ್ಟಾಗ ಆ ಅಂತರಕ್ಕೆ ಸೇತುವೆಯೂ ಆಗುತ್ತದೆ. ಇಷ್ಟು ಗಟ್ಟಿ. ತಾಯಿಮರ ಶಿಲೀಂಧ್ರದ ಜಾಲದ ಮೂಲಕ ಮಕ್ಕಳಿಗೆ ನೀರುಣಿಸುತ್ತದೆ ಎಂಬ ಕಥೆಗೆ ನಿಜವಾದ ಕಾಡಿನಲ್ಲಿ ಸಿಕ್ಕಿರುವ ಆಧಾರ ತೆಳು.

ಅಕ್ಕಪಕ್ಕದ ಎರಡು ಮರಗಳ ಪ್ರಶ್ನೆಗೆ ಈಗ ಬರೋಣ. ಮೊದಲ ಅನುಮಾನ ನೆಲದ ಮೇಲೆ. ನಾಲ್ಕು ಹೆಜ್ಜೆ ಅಂತರದಲ್ಲೇ ಒಂದರ ಕೆಳಗೆ ಇಡಿಬಂಡೆ, ಇನ್ನೊಂದರ ಕೆಳಗೆ ಬಿರುಕುಬಿಟ್ಟ ಬಂಡೆ ಇರಬಹುದು. ಶಿಥಿಲ ಬಂಡೆಯ ಬಿರುಕುಗಳಲ್ಲಿ ನಿಲ್ಲುವ ತೇವವನ್ನು ನಾವು ಬಹಳ ಕಾಲ ಲೆಕ್ಕಕ್ಕೇ ಇಟ್ಟಿರಲಿಲ್ಲ. ಕ್ಯಾಲಿಫೋರ್ನಿಯಾದ ಒಂದು ಗುಡ್ಡದಲ್ಲಿ ವರ್ಷದ ಮಳೆಯ 27 ಪ್ರತಿಶತದವರೆಗೂ ಹೀಗೆ ಬಂಡೆಯೊಳಗೆ ನಿಲ್ಲುವುದನ್ನು 2018ರಲ್ಲಿ ವರದಿ ಮಾಡಿದರು. ಬೇರುಗಳು ಆ ಬಿರುಕುಗಳಲ್ಲಿ ಕಾಗದದಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ.

ಎರಡನೆಯದು ಸ್ವಭಾವ. ಒಂದು ಮರ ಬೇಗ ಎಲೆರಂಧ್ರ ಮುಚ್ಚಿ ಕೂರುತ್ತದೆ, ಇನ್ನೊಂದು ಎಳೆಯುತ್ತಲೇ ಇರುತ್ತದೆ. ಪೈರುಗಳು ಬಾಡುವ ಗಡಿ ಎಂದು ಮೈನಸ್ 1.5 ಮೆಗಾಪ್ಯಾಸ್ಕಲ್ ಲೆಕ್ಕ ಹಿಡಿಯುತ್ತಾರೆ, ಅಂದರೆ ವಾಯುಮಂಡಲದ ಒತ್ತಡದ ಸುಮಾರು 15 ಪಟ್ಟು ಸೆಳೆತ. ಒಣಕಾಡಿನ ಹಲವು ಮರಗಳು ಇದರ ಎರಡು ಮೂರು ಪಟ್ಟು ಸೆಳೆತದಲ್ಲೂ ನೀರು ಎಳೆಯುತ್ತವೆ. ಆದರೆ ಎಳೆತ ಹೆಚ್ಚಿದಷ್ಟೂ ನೀರಿನ ಕಂಬ ತುಂಡಾಗಿ ಕೊಳವೆಯೊಳಗೆ ಗಾಳಿ ಸೇರುವ ಅಪಾಯ. ಹಲವು ಜಾತಿಗಳಲ್ಲಿ ಕಾಂಡಕ್ಕಿಂತ ಬೇರಿನಲ್ಲಿ ಇದು ಮೊದಲು ಆಗುತ್ತದೆ. ಮನೆಯ ವೈರಿಂಗ್ ಉಳಿಸಲು ಫ್ಯೂಸ್ ಹೋಗುವ ಹಾಗೆ. ಸಪೂರ ಬೇರು ಹೋದರೆ ಮತ್ತೆ ಬೆಳೆಸಬಹುದು, ಬೊಡ್ಡೆ ಹೋದರೆ ಮುಗಿಯಿತು.

ದೊಡ್ಡ ಮರಗಳಿಗೆ ಪೆಟ್ಟು ಜಾಸ್ತಿ ಎಂಬ ನಿಮ್ಮ ಗಮನಿಕೆ ಸರಿಯಾಗಿದೆ. ಅಮೆಜಾನಿನ ಕಶಿವಾನಾ ಕಾಡಿನಲ್ಲಿ 2002ರಿಂದ ಒಂದು ಹೆಕ್ಟೇರಿನ ಮೇಲೆ ಪ್ಲಾಸ್ಟಿಕ್ ಹಲಗೆ ಹಾಕಿ, ನೆಲಕ್ಕೆ ಬೀಳುವ ಮಳೆಯಲ್ಲಿ ಸುಮಾರು ಅರ್ಧವನ್ನು ತಡೆದರು. ಹೆಚ್ಚು ಸತ್ತದ್ದು ದೊಡ್ಡ ಮರಗಳೇ. ಸತ್ತದ್ದು ಸಕ್ಕರೆ ಮುಗಿದಲ್ಲ, ನೀರಿನ ಕೊಳವೆಗಳು ಕೆಟ್ಟು ಎಂದು 2015ರಲ್ಲಿ ತೋರಿಸಿದರು. ಎತ್ತರಕ್ಕೆ ಎಳೆಯಬೇಕು, ಬಿಸಿಲಿಗೆ ತಲೆಯೊಡ್ಡಬೇಕು, ಎಲೆಯ ಸಂಸಾರ ದೊಡ್ಡದು. ಮಳೆ ಚೆನ್ನಾಗಿದ್ದ ವರ್ಷಗಳಿಗೆ ತಕ್ಕಂತೆ ಕಟ್ಟಿದ ಮನೆ ಅದು. ಅಂತರ್ಜಲ ಮೇಲೆಯೇ ಇದ್ದ ಜಾಗದಲ್ಲಿ ಹುಟ್ಟಿ ಬೆಳೆದ ಮರಕ್ಕೆ ಆಳದ ಬೇರು ಇಳಿಸಲು ಕಾರಣವೇ ಇರಲಿಲ್ಲ. ನೀರು ನಿಂತ ಮಣ್ಣಿನಲ್ಲಿ ಉಸಿರು ಕಟ್ಟುವುದರಿಂದ ಬೇರು ಅಲ್ಲಿ ಕೆಳಗೆ ಇಳಿಯುವುದೂ ಇಲ್ಲ. ಹಾಗಾಗಿ ಹಳ್ಳದ ಪಕ್ಕದ ಮರ ಮೊದಲು ಒಣಗಿ, ಗುಡ್ಡದ ಮೇಲಿನದು ಉಳಿಯುವುದನ್ನು ಕಂಡರೆ ಆಶ್ಚರ್ಯಪಡಬೇಡಿ.

ಮರುವರ್ಷದ ಸಾವಿಗೆ ಕಾರಣವೂ ಇಷ್ಟರಲ್ಲೇ ಇದೆ. ಮಳೆ ಬಂದು ಮಣ್ಣು ನೆನೆದರೂ ಹೀರುವ ಬೇರೇ ಇಲ್ಲ. ಮೊದಲು ಅದನ್ನು ಬೆಳೆಸಬೇಕು. ಬೆಳೆಸಲು ಸಕ್ಕರೆ ಬೇಕು, ಸಕ್ಕರೆಗೆ ಎಲೆ ಬೇಕು, ಎಲೆಗೆ ನೀರು ಬೇಕು. ಕೂಡಿಟ್ಟ ಪಿಷ್ಟ, ಸಕ್ಕರೆ ಉಳಿದಿದ್ದರೆ ಈ ಸುತ್ತಿನಿಂದ ಹೊರಬರುತ್ತದೆ. ಇಲ್ಲದಿದ್ದರೆ ಅದೇ ಹೊತ್ತಿಗೆ ತೊಗಟೆ ಕೊರೆಯುವ ಹುಳು, ಬೇರುಕೊಳೆ ರೋಗ ಬಂದು ಮುಗಿಸುತ್ತವೆ. ಜಗತ್ತಿನ ನೂರಾರು ಕಾಡುಗಳ ಮರದ ಉಂಗುರಗಳನ್ನು ನೋಡಿದಾಗ, ಕಠಿಣ ಬರದ ನಂತರ 1ರಿಂದ 4 ವರ್ಷದವರೆಗೆ ಬೆಳವಣಿಗೆ ಕುಂಟುತ್ತಲೇ ಇರುವುದು ಕಂಡಿದೆ.

ನಿಮ್ಮ ಕಾಡಿನ ಮರ ಯಾವ ದಾರಿಯಲ್ಲಿದೆ ಎಂದು ತಿಳಿಯಬೇಕಾದರೆ, ಮೊದಲ ಒಳ್ಳೆ ಮಳೆಯಾಗಿ ಎರಡು ಮೂರು ವಾರ ಬಿಟ್ಟು, ಬುಡದಿಂದ ಸ್ವಲ್ಪ ದೂರದಲ್ಲಿ ತರಗೆಲೆ ಸರಿಸಿ, ಬೆರಳಿನಿಂದಲೇ ಒಂದು ಗೇಣು ಮಣ್ಣು ಕೆದಕಿ ನೋಡಿ. ಕಂದು ಬೇರುಗಳ ತುದಿಯಲ್ಲಿ ಹೊಸ ಬಿಳಿ ಮೊಳಕೆಗಳು ಕಂಡರೆ ಮರ ಮತ್ತೆ ಖರ್ಚು ಮಾಡಲು ಶುರುಮಾಡಿದೆ ಎಂದರ್ಥ. ಹಿಡಿದೊಡನೆ ಪುಡಿಯಾಗುವ, ಸಿಪ್ಪೆ ಜಾರಿ ಒಳಗಿನ ದಾರವಷ್ಟೇ ಕೈಗೆ ಬರುವ ಬೇರುಗಳೇ ತುಂಬಿದ್ದರೆ, ಮೇಲೆ ಚಿಗುರು ಎಷ್ಟೇ ಇದ್ದರೂ ಮುಂದಿನ ಬೇಸಿಗೆಯವರೆಗೆ ಕಾದು ನೋಡಿ. ನೋಡಿದ ಮೇಲೆ ಮಣ್ಣು, ತರಗೆಲೆ ಮೊದಲಿದ್ದ ಹಾಗೆ ಮುಚ್ಚಿಬಿಡಿ.